ಆನೆಗೆ ಎರಡೇ ಅಕ್ಷರ, ಇರುವೆಗೇಕೆ ಮೂರು? ಮಕ್ಕಳು ಓದು ಬರಹ ಕಲಿಯುವ ಬಗೆ

ಶಿಕ್ಷಕ ತರಬೇತಿಯ ಭಾಗವಾಗಿ ಒಂದನೇ ತರಗತಿಗೆ ಪಾಠ ಮಾಡಲು ಹೋದ ಮೊದಲ ವಾರ. ಹಲಗೆಯ ಮೇಲೆ 'ಆನೆ' ಎಂದು ಬರೆದೆ, ಕೆಳಗೆ 'ಇರುವೆ' ಎಂದು ಬರೆದೆ. ಎರಡನ್ನೂ ಬೆರಳಿಟ್ಟು ಓದಿ ತೋರಿಸಿದೆ. ಮುಂದಿನ ಸಾಲಿನಲ್ಲಿದ್ದ ಆರು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ನೀವು ಅದಲು ಬದಲು ಬರೆದಿದ್ದೀರಿ" ಎಂದಳು. ಹೇಗೆ ಎಂದು ಕೇಳಿದೆ. "ಆನೆ ಅಷ್ಟು ದೊಡ್ಡದು, ಅದಕ್ಕೆ ಎರಡೇ ಅಕ್ಷರ. ಇರುವೆ ಇಷ್ಟೇ ಇಷ್ಟು, ಅದಕ್ಕೆ ಮೂರು!" ಕೆಲವರು ನಕ್ಕರು. ಇನ್ನು ಕೆಲವರು ಹೌದಲ್ಲ ಎಂಬಂತೆ ಹಲಗೆಯನ್ನೇ ನೋಡಿದರು. ನಾನು "ಹಾಗಲ್ಲ ಪುಟ್ಟಿ, ಸರಿಯಾಗಿಯೇ ಇದೆ" ಎಂದು ಹೇಳಿ ಮುಂದಿನ ಪದಕ್ಕೆ ಹೋದೆ.

ಹಾಗೆ ಮುಂದೆ ಹೋದದ್ದು ತಪ್ಪು ಎಂದು ತಿಳಿಯಲು ನನಗೆ ಕೆಲವು ವಾರ ಬೇಕಾಯಿತು. ಅವಳು ಕೇಳಿದ್ದು ಬರಹದ ಬಗ್ಗೆ ಕೇಳಬಹುದಾದ ಮೊಟ್ಟಮೊದಲ ಪ್ರಶ್ನೆ. ಈ ಗೆರೆಗಳು ಯಾವುದರ ಗುರುತು? ವಸ್ತುವಿನದೋ, ಅದನ್ನು ಕರೆಯುವ ಸದ್ದಿನದೋ? ಓದು ಬಲ್ಲ ನಮಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಜಗತ್ತಿನ ಎಷ್ಟೋ ಮನೆಗಳಲ್ಲಿ ತಂದೆ ತಾಯಂದಿರು ಮೊದಲ ಬಾರಿಗೆ ಮಗುವಿನ ಪಕ್ಕ ಕುಳಿತು ಅಕ್ಷರ ಹೇಳಿಕೊಟ್ಟರು. ನಿನ್ನೆ ಓದಿದ ಪದವನ್ನು ಇಂದು ಮೊದಲ ಸಲ ಕಂಡಂತೆ ನೋಡುವ ಮಗುವನ್ನು ಕಂಡು ಕಂಗಾಲಾದರು. 'ಇಷ್ಟು ಸುಲಭದ್ದು ಯಾಕೆ ಬರುತ್ತಿಲ್ಲ?' ಎಂಬ ಪ್ರಶ್ನೆ ಶಾಲೆಗಳು ತೆರೆದ ಮೇಲೂ ಉಳಿದುಕೊಂಡಿದೆ. ಉತ್ತರದ ಮೊದಲ ಭಾಗ ಇಷ್ಟೇ: ಅದು ಸುಲಭದ್ದಲ್ಲ.

ಮಾತು ತಾನಾಗಿ ಬರುತ್ತದೆ, ಓದು ಬರುವುದಿಲ್ಲ

ಮಾತನಾಡುವವರ ನಡುವೆ ಬೆಳೆದ ಮಗು ಮಾತು ಕಲಿಯುತ್ತದೆ. ಯಾರೂ ಅದನ್ನು ಕುಳ್ಳಿರಿಸಿ ವಿಭಕ್ತಿ ಪ್ರತ್ಯಯ ಹೇಳಿಕೊಡುವುದಿಲ್ಲ. ಆದರೂ ಮೂರು ನಾಲ್ಕು ವರ್ಷಕ್ಕೆಲ್ಲ 'ಮನೆಗೆ', 'ಮನೆಯಲ್ಲಿ', 'ಮನೆಯಿಂದ' ಎಂಬುದನ್ನು ಎಲ್ಲಿ ಯಾವುದು ಬೇಕೋ ಅಲ್ಲಿ ಬಳಸುತ್ತದೆ. ಪುಸ್ತಕಗಳ ನಡುವೆ ಬೆಳೆದ ಮಾತ್ರಕ್ಕೆ ಓದು ಹೀಗೆ ಬರುವುದಿಲ್ಲ. ಮನುಷ್ಯರು ಮಾತನಾಡುತ್ತಿರುವುದು ಹತ್ತಾರು ಸಾವಿರ ವರ್ಷಗಳಿಂದ. ಬರಹ ಹುಟ್ಟಿ ಸುಮಾರು 5,000 ವರ್ಷ ಮಾತ್ರ ಆಗಿದೆ, ಅದರಲ್ಲೂ ಬಹುಕಾಲ ಅದು ಬೆರಳೆಣಿಕೆಯ ಜನರ ಸೊತ್ತಾಗಿತ್ತು. ಓದುವುದಕ್ಕೆಂದೇ ಮಿದುಳಿನಲ್ಲಿ ಹುಟ್ಟಿನಿಂದ ಬಂದ ಜಾಗ ಇರಲು ಸಾಧ್ಯವಿಲ್ಲ.

ಹಾಗಾದರೆ ಓದುವಾಗ ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೆ? ಮೊದಲ ಸುಳಿವು ಸಿಕ್ಕಿದ್ದು ಪ್ಯಾರಿಸ್ಸಿನ ಒಬ್ಬ ರೋಗಿಯಿಂದ. ವೈದ್ಯ ಜೂಲ್ ಡೆಜೆರಿನ್ 1892ರಲ್ಲಿ ವರದಿ ಮಾಡಿದ ಪ್ರಕರಣ ಅದು. ಆ ವ್ಯಕ್ತಿಗೆ ಕಣ್ಣು ಕಾಣುತ್ತಿತ್ತು, ಮಾತು ಸ್ಪಷ್ಟವಾಗಿತ್ತು, ಬರೆಯಲೂ ಬರುತ್ತಿತ್ತು. ಆದರೆ ತಾನೇ ಬರೆದದ್ದನ್ನು ಓದಲು ಆಗುತ್ತಿರಲಿಲ್ಲ. ಅಕ್ಷರದ ಮೇಲೆ ಬೆರಳಾಡಿಸಿದರೆ ಅದು ಯಾವುದೆಂದು ತಿಳಿಯುತ್ತಿತ್ತು, ಬರಿಗಣ್ಣಿಗೆ ಅದು ಬರೀ ಗೀಚು. ಮಿದುಳಿನ ಎಡಭಾಗದ ಹಿಂಬದಿಯಲ್ಲಿ ಆದ ಗಾಯ ಅವನ ಓದನ್ನಷ್ಟೇ ಕಿತ್ತುಕೊಂಡಿತ್ತು.

ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ಡೆಹೇನ್ ಮತ್ತು ಸಂಗಡಿಗರು ಇದೇ ಎಳೆಯನ್ನು ಹಿಡಿದು, ಎಡಮಿದುಳಿನ ಕೆಳಭಾಗದ ಒಂದು ಪುಟ್ಟ ಪ್ರದೇಶ ಬರೆದ ಪದಗಳನ್ನು ಗುರುತಿಸುವ ಕೆಲಸ ಮಾಡುತ್ತದೆ ಎಂದು ತೋರಿಸಿದರು. ಮೂಲತಃ ವಸ್ತುಗಳನ್ನೂ ಮುಖಗಳನ್ನೂ ಗುರುತಿಸುವ ವಲಯ ಅದು. ಮನೆಗೆ ಹೊಸ ಸೊಸೆ ಬಂದಳೆಂದು ಯಾರೂ ಹೊಸ ಮನೆ ಕಟ್ಟುವುದಿಲ್ಲ. ಇರುವ ಕೋಣೆಯಲ್ಲೇ ಸಾಮಾನು ಸರಿಸಿ ಜಾಗ ಮಾಡಿಕೊಡುತ್ತಾರೆ. ಓದಿಗೆ ಮಿದುಳು ಮಾಡಿಕೊಡುವುದೂ ಅಂಥದೇ ಜಾಗ. ಬ್ರೆಜಿಲ್ ಮತ್ತು ಪೋರ್ಚುಗಲ್‌ನ ವಯಸ್ಕರನ್ನು ಪರೀಕ್ಷಿಸಿ 2010ರಲ್ಲಿ ಇದೇ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡವರಾದ ಮೇಲೆ ಓದು ಕಲಿತವರಲ್ಲೂ ಈ ಪ್ರದೇಶ ಅಕ್ಷರಗಳಿಗೆ ಸ್ಪಂದಿಸುವುದು ಕಂಡುಬಂತು. ಅಂದರೆ ಸಾಮಾನು ಸರಿಸಲು ಯಾವ ವಯಸ್ಸಿನಲ್ಲೂ ಅವಕಾಶವಿದೆ.

ಮಕ್ಕಳು 3 ಅನ್ನು ತಿರುಗಿಸಿ ಬರೆಯುವುದೇಕೆ, ಇಂಗ್ಲಿಷಿನ 'ಬಿ' ಮತ್ತು 'ಡಿ' ಎಂಬ ಸಣ್ಣಕ್ಷರಗಳ ನಡುವೆ ಗೊಂದಲಗೊಳ್ಳುವುದೇಕೆ ಎಂಬುದಕ್ಕೂ ಇಲ್ಲಿ ಉತ್ತರವಿದೆ. ಹಿಡಿಕೆ ಎಡಕ್ಕಿದ್ದರೂ ಬಲಕ್ಕಿದ್ದರೂ ಲೋಟ ಲೋಟವೇ. ಎಡಕ್ಕೆ ಮುಖ ಮಾಡಿದ ಹುಲಿಯೂ ಬಲಕ್ಕೆ ಮುಖ ಮಾಡಿದ ಹುಲಿಯೂ ಒಂದೇ ಎಂದು ತಿಳಿಯದ ಪ್ರಾಣಿ ಹೆಚ್ಚು ದಿನ ಬದುಕುತ್ತಿರಲಿಲ್ಲ. ಈ ಜಾಣತನ ಓದಿಗೆ ಅಡ್ಡಿ. ದಿಕ್ಕು ಬದಲಾದರೆ ಗುರುತೂ ಬದಲಾಗುತ್ತದೆ ಎಂಬುದನ್ನು ಮಗು ಅಕ್ಷರಗಳಿಗಾಗಿಯೇ ಹೊಸದಾಗಿ ಕಲಿಯಬೇಕು. ಆದ್ದರಿಂದ ಐದಾರು ವರ್ಷದ ಮಗು ಕನ್ನಡಿ ಬರಹ ಬರೆದರೆ ಗಾಬರಿ ಬೇಡ.

ಅಕ್ಷರ ಬರುವ ಮೊದಲೇ ಮಗುವಿಗೆ ಒಂದು ಸಿದ್ಧಾಂತವಿರುತ್ತದೆ

ಅರ್ಜೆಂಟೀನಾ ಮೂಲದ ಎಮಿಲಿಯಾ ಫೆರೇರೊ ಮತ್ತು ಆನಾ ಟೆಬೆರೊಸ್ಕಿ ಅವರು ಇನ್ನೂ ಓದಲು ಬಾರದ ಮಕ್ಕಳ ಮುಂದೆ ಕಾರ್ಡುಗಳನ್ನಿಟ್ಟು, 'ಇವುಗಳಲ್ಲಿ ಯಾವುದನ್ನು ಓದಬಹುದು, ಯಾವುದನ್ನು ಓದಲು ಆಗುವುದಿಲ್ಲ?' ಎಂದು ಕೇಳಿದರು. 1979ರಲ್ಲಿ ಪ್ರಕಟವಾದ ಅವರ ಸಂಶೋಧನೆ ಸ್ಪ್ಯಾನಿಷ್ ಮಾತನಾಡುವ ಮಕ್ಕಳದ್ದು. ಒಂದೆರಡೇ ಅಕ್ಷರವಿದ್ದರೆ ಅದು ಓದುವಂಥದ್ದಲ್ಲ, ಮೂರಾದರೂ ಇರಬೇಕು ಎಂದು ಅನೇಕ ಮಕ್ಕಳು ಹೇಳಿದರು. ಒಂದೇ ಅಕ್ಷರ ಮತ್ತೆ ಮತ್ತೆ ಬಂದರೂ ಓದಲು ಆಗುವುದಿಲ್ಲ, ಬೇರೆ ಬೇರೆ ಇರಬೇಕು ಎಂದರು. ದೊಡ್ಡ ಪ್ರಾಣಿಯ ಹೆಸರಿಗೆ ಹೆಚ್ಚು ಅಕ್ಷರ ಬೇಕೆಂದು ವಾದಿಸಿದ ಮಕ್ಕಳೂ ಇದ್ದರು.

ಇದನ್ನು ಓದಿದ ದಿನ ನನಗೆ ಆನೆ ಇರುವೆಯ ಹುಡುಗಿ ನೆನಪಾದಳು. ಇವು ಯಾರೂ ಕಲಿಸಿದ ನಿಯಮಗಳಲ್ಲ. ಮಕ್ಕಳು ಸುತ್ತಲಿನ ಬರಹ ನೋಡಿ ತಾವೇ ಕಟ್ಟಿಕೊಂಡವು.

ನಂತರ ಒಂದು ತಿರುವು ಬರುತ್ತದೆ. ಮಗು ವಸ್ತುವಿನ ಗಾತ್ರ ಬಿಟ್ಟು ಪದದ ಸದ್ದಿನ ಕಡೆ ಕಿವಿ ಕೊಡಲಾರಂಭಿಸುತ್ತದೆ. ಮೂರು ತುಂಡಾಗಿ ಹೇಳುವ ಪದಕ್ಕೆ ಮೂರು ಗುರುತು ಹಾಕುತ್ತದೆ. ಒಂದೊಂದು ಬಿಡಿ ಸದ್ದಿಗೂ ಬೇರೆ ಅಕ್ಷರ ಬರೆಯುವ ಸ್ಪ್ಯಾನಿಷ್‌ನಂಥ ಲಿಪಿಯಲ್ಲಿ ಇದು ಮಧ್ಯದ ಒಂದು ಮೆಟ್ಟಿಲು, ಮುಂದೆ ಮಗು ಅದನ್ನೂ ಬಿಟ್ಟು ಹೋಗಬೇಕು. ನಮ್ಮ ಲಿಪಿಯಲ್ಲಿ ಆ ಊಹೆ ಬಹುಮಟ್ಟಿಗೆ ಸರಿಯೇ: ಇ-ರು-ವೆ ಎಂದು ಮೂರು ಸಲ ಚಪ್ಪಾಳೆ ತಟ್ಟಿದರೆ ಹಾಳೆಯ ಮೇಲೂ ಮೂರು ಅಕ್ಷರ. ಅಂದು ನಾನು ಹುಡುಗಿಗೆ ಚಪ್ಪಾಳೆ ತಟ್ಟಿಸಿದ್ದರೆ ಸಾಕಿತ್ತು.

ಮಾತನ್ನು ಬಿಡಿಸಿ ಕೇಳುವುದು

ಮಾತನಾಡುವಾಗ ನಮ್ಮ ಗಮನವೆಲ್ಲ ಅರ್ಥದ ಮೇಲೆ. 'ನೀರು ಕೊಡು' ಎಂದಾಗ ನೀರು ಬರುತ್ತದೋ ಇಲ್ಲವೋ ಎಂಬುದಷ್ಟೇ ಮುಖ್ಯ. ಅದು ಎಷ್ಟು ತುಂಡು ಸದ್ದುಗಳಿಂದ ಆದದ್ದು ಎಂದು ಯಾರೂ ಎಣಿಸುವುದಿಲ್ಲ. ಓದು ಕಲಿಯುವ ಮಗು ಅದನ್ನೇ ಎಣಿಸಬೇಕು. ಈ ಸಾಮರ್ಥ್ಯಕ್ಕೆ ಧ್ವನಿ ಅರಿವು ಎನ್ನುತ್ತಾರೆ. ಪ್ರಾಸ ಹಿಡಿಯುವುದು, ಪದವನ್ನು ಉಚ್ಚಾರದ ತುಂಡುಗಳಾಗಿ ಒಡೆಯುವುದು, 'ಮರ'ದ ಮೊದಲ ಅಕ್ಷರ ತೆಗೆದರೆ ಏನು ಉಳಿಯುತ್ತದೆ ಎಂದು ಹೇಳುವುದು ಎಲ್ಲವೂ ಇದರೊಳಗೆ ಬರುತ್ತವೆ.

ಇದರಲ್ಲಿ ಎರಡು ಹಂತಗಳಿವೆ. ಪದವನ್ನು ಮ-ರ ಎಂದು ಒಡೆಯುವುದು ಚಿಕ್ಕ ಮಕ್ಕಳಿಗೂ ಸುಲಭ. ಆದರೆ 'ಮ' ಎಂಬ ತುಂಡಿನೊಳಗೆ 'ಮ್' ಮತ್ತು 'ಅ' ಎಂಬ ಎರಡು ಬಿಡಿ ಧ್ವನಿಗಳಿವೆ ಎಂದು ಕೇಳಿಸಿಕೊಳ್ಳುವುದು ಬೇರೆಯೇ ಮಾತು. ಜೋಸೆ ಮೊರೈಸ್ ಮತ್ತು ಸಂಗಡಿಗರು 1979ರಲ್ಲಿ ಪೋರ್ಚುಗಲ್‌ನ ಅನಕ್ಷರಸ್ಥ ವಯಸ್ಕರಿಗೆ, ಪದದ ಮೊದಲ ಬಿಡಿ ಧ್ವನಿ ತೆಗೆದು ಹೇಳಿ ಎಂದು ಕೇಳಿದರು. ಬಹುಪಾಲು ಜನರಿಗೆ ಆಗಲಿಲ್ಲ. ಅದೇ ಹಿನ್ನೆಲೆಯ, ಆದರೆ ದೊಡ್ಡವರಾದ ಮೇಲೆ ಓದು ಕಲಿತವರು ಅದನ್ನು ಮಾಡಬಲ್ಲವರಾಗಿದ್ದರು. ಇಡೀ ಬದುಕು ಸೊಗಸಾಗಿ ಮಾತನಾಡಿದವರಿಗೂ ಬಿಡಿ ಧ್ವನಿ ಕೇಳಿಸುವುದಿಲ್ಲ ಎಂದರೆ, ಅದನ್ನು ಕೇಳಿಸುವಂತೆ ಮಾಡುವುದು ಲಿಪಿಯೇ. ಧ್ವನಿ ಅರಿವು ಓದಿಗೆ ನೆರವಾಗುತ್ತದೆ, ಓದು ಧ್ವನಿ ಅರಿವನ್ನು ಬೆಳೆಸುತ್ತದೆ. ಯಾವುದು ಮೊದಲು ಎಂದು ಜಗಳವಾಡುವುದರಲ್ಲಿ ಹುರುಳಿಲ್ಲ.

ಕನ್ನಡ ಓದುವುದು ಸುಲಭವೇ?

'ನಮ್ಮದು ಬರೆದಂತೆ ಓದುವ ಭಾಷೆ, ಕಷ್ಟವೇನು?' ಎಂಬ ಮಾತು ಆಗಾಗ ಕೇಳುತ್ತೇವೆ. ಅರ್ಧ ನಿಜ. ಅಕ್ಷರಕ್ಕೂ ಸದ್ದಿಗೂ ನೇರ ಸಂಬಂಧವಿರುವ ಭಾಷೆಗಳಲ್ಲಿ ಮಕ್ಕಳು ಬೇಗ ಓದು ಕಲಿಯುತ್ತಾರೆ. ಯುರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿ ಫಿಲಿಪ್ ಸೀಮೋರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫಿನ್ನಿಷ್‌ನಂಥ ನೇರ ಲಿಪಿಗಳಿಗಿಂತ ಇಂಗ್ಲಿಷ್ ಕಲಿಕೆ ಎರಡು ಪಟ್ಟಿಗೂ ಹೆಚ್ಚು ನಿಧಾನವಾಗಿತ್ತು. ಒಂದೇ ಅಕ್ಷರಕ್ಕೆ ಹಲವು ಸದ್ದು, ಒಂದೇ ಸದ್ದಿಗೆ ಹಲವು ಬರಹ ಇರುವುದರ ಫಲ ಅದು.

ಕನ್ನಡಕ್ಕೆ ಆ ತೊಂದರೆ ಕಡಿಮೆ. ನಮ್ಮ ಮಕ್ಕಳ ಹೊರೆ ಬೇರೆ ಕಡೆ ಇದೆ. 34 ವ್ಯಂಜನಗಳಿಗೆ 13 ಸ್ವರಗಳನ್ನು ಸೇರಿಸಿದರೆ ಕಾಗುಣಿತದ ರೂಪಗಳೇ 442. ಅದರ ಮೇಲೆ ಒತ್ತಕ್ಷರಗಳು. ಇವುಗಳಲ್ಲಿ ಎಷ್ಟೋ ರೂಪಗಳು ಪುಸ್ತಕದಲ್ಲಿ ಅಪರೂಪ. ಮಗು ಅವುಗಳನ್ನು ಕಾಣುವ ಹೊತ್ತಿಗೆ ಕಲಿತದ್ದು ಮರೆತಿರುತ್ತದೆ. ಸಂಶೋಧಕಿ ಸೊನಾಲಿ ನಾಗ್ ಕನ್ನಡ ಓದುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನೇ: ಅಕ್ಷರ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಬಿಡಿ ಧ್ವನಿಗಳ ಅರಿವೂ ನಿಧಾನವಾಗಿ ಮೂಡುತ್ತದೆ.

ಎಣಿಕೆಗಿಂತ ಸೂಕ್ಷ್ಮವಾದ ಕಷ್ಟ ಇನ್ನೊಂದಿದೆ. 'ಕ ಗುಡಿಸು ಕಿ, ಕ ಕೊಂಬು ಕು' ಎಂದು ಮಗು ರಾಗವಾಗಿ ಹೇಳುತ್ತದೆ. ಕೇಳಿದರೆ 'ಕ'ಗೆ ಏನೋ ಸೇರಿಸಿದಂತೆ ಇದೆ. ನಿಜವಾಗಿ ಆಗಿದ್ದು ಸೇರಿಕೆಯಲ್ಲ, ಬದಲಾವಣೆ: 'ಕ'ದೊಳಗಿನ 'ಅ' ಹೊರಗೆ ಹೋಗಿ ಅಲ್ಲಿ 'ಇ' ಬಂದು ಕುಳಿತಿದೆ. ಗುಡಿಸು ಬಂದಾಗ ತಲಕಟ್ಟು ಮಾಯವಾಗುವುದರಿಂದ ಅಷ್ಟಾದರೂ ಸುಳಿವು ಸಿಗುತ್ತದೆ. ಕೊಂಬು ಬಂದಾಗ ತಲಕಟ್ಟು ತಲೆಯ ಮೇಲೇ ಉಳಿದಿರುತ್ತದೆ. ರಾಗ ಬಂದ ಮಗುವಿಗೆ ಈ ಗುಟ್ಟು ತಿಳಿದಿದೆ ಎಂದು ಭಾವಿಸುವಂತಿಲ್ಲ. ಇಡೀ ಕಾಗುಣಿತವನ್ನು ಬಾಯಿಪಾಠ ಒಪ್ಪಿಸಿದ ಹುಡುಗನೊಬ್ಬನಿಗೆ 'ತು' ಮಾತ್ರ ಬಿಡಿಯಾಗಿ ತೋರಿಸಿದೆ. ಅವನು ಮನಸ್ಸಿನಲ್ಲೇ 'ತ'ದಿಂದ ರಾಗ ಶುರು ಮಾಡಿ, ತುಟಿ ಆಡಿಸುತ್ತಾ ಐದನೆಯದಕ್ಕೆ ಬಂದು ನಿಂತು 'ತು' ಎಂದ. ಮೆಟ್ಟಿಲು ಎಣಿಸಿಕೊಂಡು ಹತ್ತಿದ ಹಾಗೆ.

ಒತ್ತಕ್ಷರದಲ್ಲಿ ಕಣ್ಣಿಗೂ ಕಿವಿಗೂ ಸರದಿಯೇ ತಪ್ಪುತ್ತದೆ. 'ಬೆಕ್ಕು' ಎಂಬಲ್ಲಿ ಕಣ್ಣಿಗೆ ಮೊದಲು ಕಾಣುವುದು 'ಕು', ಅದರ ಕೆಳಗೆ ಒಂದು 'ಕ' ಒತ್ತು. ಕಂಡಂತೆ ಓದುವ ಮಗು 'ಬೆಕುಕ' ಎನ್ನುತ್ತದೆ. 'ಸೂರ್ಯ'ದಲ್ಲಿ 'ರ್' ಬಾಯಲ್ಲಿ ಮೊದಲು, ಹಾಳೆಯಲ್ಲಿ ಅರ್ಕಾವತ್ತಾಗಿ ಕೊನೆಗೆ. 'ಸ್ತ್ರೀ' ಎಂಬಲ್ಲಂತೂ ನಾಲಿಗೆ ಎಲ್ಲಕ್ಕಿಂತ ಕೊನೆಗೆ ಹೇಳುವ 'ಈ' ಎಂಬ ದೀರ್ಘ, ಹಾಳೆಯಲ್ಲಿ ಎಲ್ಲಕ್ಕಿಂತ ಮೇಲಿರುವ 'ಸ'ಗೆ ಅಂಟಿಕೊಂಡಿದೆ. ನಾವು ಇದನ್ನೆಲ್ಲ ಗಮನಿಸದೆ ಓದುತ್ತೇವೆ, ಮಗು ಪ್ರತಿ ಸಲವೂ ಬಿಡಿಸಬೇಕಾಗುತ್ತದೆ.

ಕೂಡಿಸಿ ಓದುವುದರಿಂದ ಸರಾಗ ಓದಿಗೆ

ಅಕ್ಷರಗಳು ಬಂದವು. ಈಗ ಮಗು ಬೆರಳಿಟ್ಟು 'ಹು... ಡು... ಗ... ಓ... ಡಿ... ದ' ಎಂದು ಕೂಡಿಸಿ ಓದುತ್ತದೆ. ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮನಸ್ಸಿನಿಂದ ಜಾರಿರುತ್ತದೆ. ಒಂದು ಹೊತ್ತಿಗೆ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲದ್ದು ಕೆಲವೇ ಸಂಗತಿಗಳನ್ನು. ಬೊಗಸೆಯಲ್ಲಿ ನೀರು ಒಯ್ಯುವಂತೆ: ನಿಧಾನವಾಗಿ ನಡೆದಷ್ಟೂ ಸೋರುತ್ತದೆ. ಇಡೀ ಸಾಲು ತಪ್ಪಿಲ್ಲದೆ ಓದಿದ ಮಗುವಿಗೆ 'ಯಾರು ಓಡಿದರು?' ಎಂದು ಕೇಳಿದರೆ ಪಿಳಿಪಿಳಿ ಕಣ್ಣು ಬಿಡುವುದು ಇದರಿಂದಲೇ.

ಮುಂದಿನ ಹೆಜ್ಜೆಯನ್ನು ಮಗು ಬಹುಮಟ್ಟಿಗೆ ತಾನೇ ಇಡುತ್ತದೆ. ಡೇವಿಡ್ ಶೇರ್ ಎಂಬ ಸಂಶೋಧಕರು 1995ರಲ್ಲಿ ಇದನ್ನು ವಿವರವಾಗಿ ಮಂಡಿಸಿದರು. ಹೊಸ ಪದವೊಂದನ್ನು ಮಗು ಅಕ್ಷರ ಕೂಡಿಸಿ ಸರಿಯಾಗಿ ಓದಿದಾಗಲೆಲ್ಲ, ಆ ಪದದ ರೂಪವೂ ಸದ್ದೂ ಅರ್ಥವೂ ಒಟ್ಟಿಗೆ ಗಂಟು ಬೀಳುತ್ತವೆ. ಕೆಲವೇ ಸಲ ಹೀಗಾದರೆ ಸಾಕು, ಮುಂದೆ ಅದನ್ನು ಕಂಡೊಡನೆ ಗುರುತಿಸುತ್ತದೆ. ಶಿಕ್ಷಕರು ಪ್ರತಿ ಪದವನ್ನೂ ಕಲಿಸಬೇಕಿಲ್ಲ, ಕಲಿಸಲು ಸಾಧ್ಯವೂ ಇಲ್ಲ. ಪದ ಬಿಡಿಸುವ ಕೀಲಿ ಕೊಟ್ಟು, ಬೇಕಾದಷ್ಟು ಪುಸ್ತಕ ಕೊಟ್ಟರೆ ಉಳಿದ ಕೆಲಸವನ್ನು ಮಗುವೇ ಮಾಡಿಕೊಳ್ಳುತ್ತದೆ.

ಒಮ್ಮೆ ಗುರುತಿಸುವಿಕೆ ತಾನಾಗಿ ನಡೆಯತೊಡಗಿದರೆ ಅದನ್ನು ನಿಲ್ಲಿಸಲೂ ಆಗುವುದಿಲ್ಲ. ಹಸಿರು ಶಾಯಿಯಲ್ಲಿ 'ಕೆಂಪು' ಎಂದು ಬರೆದು, 'ಪದ ಓದಬೇಡಿ, ಶಾಯಿಯ ಬಣ್ಣ ಹೇಳಿ' ಎಂದರೆ ದೊಡ್ಡವರು ತಡವರಿಸುತ್ತಾರೆ. ಜೆ. ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಓದು ಬಾರದ ಮಗು ಇದರಲ್ಲಿ ತಡವರಿಸುವುದಿಲ್ಲ. ಓದು ಬಲ್ಲ ಹಿರಿಯರಿಗೆ ಕಲಿಯುವ ಮಗುವಿನ ಕಷ್ಟ ಅರ್ಥವಾಗದಿರುವುದಕ್ಕೂ ಇದೇ ಕಾರಣ. ಓದದೆ ಇರುವುದು ಹೇಗೆ ಎಂಬುದನ್ನೇ ನಾವು ಮರೆತಿದ್ದೇವೆ.

ಸರಾಗವಾಗಿ ಓದುವವರ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುತ್ತದೆ ಎಂದು ನಮಗೆ ಅನ್ನಿಸುತ್ತದೆ. ಹಾಗಿಲ್ಲ, ಅದು ಕುಪ್ಪಳಿಸುತ್ತದೆ. ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ 1870ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದರು. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡಿನದು. ಒಳ್ಳೆಯ ಓದುಗರ ಕಣ್ಣು ಬಹುತೇಕ ಪದಗಳ ಮೇಲೆ ನಿಂತೇ ಮುಂದೆ ಹೋಗುತ್ತದೆ.

ಈ ಸಣ್ಣ ಸಂಗತಿಗೆ ದೊಡ್ಡ ಜಗಳವೊಂದರಲ್ಲಿ ಪಾತ್ರವಿದೆ. ಅಮೆರಿಕದ ಕೆನ್ ಗುಡ್‌ಮನ್ 1967ರಲ್ಲಿ, ಓದು ಎಂಬುದು ಒಂದು ಬಗೆಯ ಊಹೆಯಾಟ, ಸಂದರ್ಭ ನೋಡಿ ಮುಂದಿನ ಪದ ಊಹಿಸುತ್ತಾ ಹೋಗುತ್ತೇವೆ ಎಂದು ವಾದಿಸಿದರು. ಇದರಿಂದ ಪ್ರೇರಿತವಾದ ಪದ್ಧತಿಗಳಲ್ಲಿ, ಪದ ಬಾರದಿದ್ದರೆ ಚಿತ್ರ ನೋಡಿ ಹೇಳು ಎಂದು ಮಕ್ಕಳಿಗೆ ಹೇಳಿಕೊಡಲಾಗುತ್ತಿತ್ತು. ಊಹಿಸುತ್ತಲೇ ಓದುವುದಾದರೆ ಕಣ್ಣು ಹೀಗೆ ಬಹುತೇಕ ಪದಗಳ ಮೇಲೆ ನಿಲ್ಲಬೇಕಿರಲಿಲ್ಲ. ನಂತರದ ಸಂಶೋಧನೆಯೂ ಬೇರೆಯೇ ಚಿತ್ರ ಕೊಟ್ಟಿತು: ಊಹೆಯನ್ನು ಹೆಚ್ಚು ನೆಚ್ಚಿಕೊಳ್ಳುವವರು ಒಳ್ಳೆಯ ಓದುಗರಲ್ಲ, ಪದ ಬಿಡಿಸಲು ಕಷ್ಟಪಡುವವರು. 'ಗಿಡ' ಎಂದು ಬರೆದಿದ್ದರೂ ಚಿತ್ರ ನೋಡಿ 'ಮರ' ಎನ್ನುವ ಮಗು ಅರ್ಥದ ಹತ್ತಿರ ಇದೆ, ಓದಿನಿಂದ ದೂರ ಇದೆ. ಇಂಗ್ಲೆಂಡಿನಲ್ಲಿ 2012ರಿಂದ ಆರು ವರ್ಷದ ಆಸುಪಾಸಿನ ಮಕ್ಕಳಿಗೆ 40 ಪದಗಳ ಒಂದು ಪರೀಕ್ಷೆ ಇದೆ. ಅದರಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ. ಅರ್ಥವಿಲ್ಲದ ಪದವನ್ನು ಊಹಿಸಲು ಬರುವುದಿಲ್ಲ, ಬಿಡಿಸಿಯೇ ಓದಬೇಕು. ಅದಕ್ಕಾಗಿ ಹಾಗೆ.

ಓದಲು ಬಂದರೂ ಅರ್ಥವಾಗದಿದ್ದರೆ

ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತದ ಪುಟವೊಂದನ್ನು, ಸಂಸ್ಕೃತ ಬಾರದ ನಾನು ಗಟ್ಟಿಯಾಗಿ, ಬಹುಮಟ್ಟಿಗೆ ಸರಿಯಾಗಿ ಓದಬಲ್ಲೆ. ಅರ್ಥ ಕೇಳಿದರೆ ಬಾಯಿ ಮುಚ್ಚಬೇಕಾಗುತ್ತದೆ. ಓದು ಬಾರದ ಅಜ್ಜಿ ಗಂಟೆಗಟ್ಟಲೆ ಕಥೆ ಹೇಳಬಲ್ಲಳು, ಯಾರಾದರೂ ಓದಿ ಹೇಳಿದರೆ ಎಂಥ ಕಥೆಯನ್ನಾದರೂ ಅರ್ಥಮಾಡಿಕೊಳ್ಳಬಲ್ಲಳು. ಪುಸ್ತಕದ ಮುಂದೆ ಮಾತ್ರ ಅವಳೂ ನಾನೂ ಸಮಾನರು. ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಇದನ್ನು ಒಂದು ಗುಣಾಕಾರದಲ್ಲಿ ಹೇಳಿದರು: ಓದಿ ಅರ್ಥಮಾಡಿಕೊಳ್ಳುವುದು ಎಂದರೆ ಪದ ಬಿಡಿಸುವ ಶಕ್ತಿ ಗುಣಿಸು ಭಾಷೆಯ ಗ್ರಹಿಕೆ. ಕೂಡುವ ಲೆಕ್ಕವಾಗಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿತ್ತು. ಗುಣಾಕಾರದಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ.

ಭಾಷೆಯ ಗ್ರಹಿಕೆ ಎಂದರೆ ಪದಗಳಷ್ಟೇ ಅಲ್ಲ, ಲೋಕದ ತಿಳಿವಳಿಕೆಯೂ ಹೌದು. ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಸಂಶೋಧಕಿಯರು 1988ರಲ್ಲಿ ಅಮೆರಿಕದ 64 ಮಕ್ಕಳಿಗೆ ಬೇಸ್‌ಬಾಲ್ ಆಟವೊಂದರ ವರ್ಣನೆಯನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆ ಆಟ ಚೆನ್ನಾಗಿ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ತಿಳಿಯದ ಮಕ್ಕಳಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡರು. ಕ್ರಿಕೆಟ್ ಗೊತ್ತಿಲ್ಲದವರಿಗೆ ಕ್ರಿಕೆಟ್ ವರದಿ ಓದಲು ಕೊಟ್ಟು ನೋಡಿದರೆ ಇದು ನಮಗೂ ತಿಳಿಯುತ್ತದೆ.

ಹಾಗಾಗಿ ಮಗುವಿಗೆ ಇನ್ನೂ ಓದಲು ಬಾರದ ದಿನಗಳಲ್ಲಿ ಅದಕ್ಕೆ ಓದಿ ಹೇಳುವುದು ಕಾಲಹರಣವಲ್ಲ, ಗುಣಾಕಾರದ ಎರಡನೇ ಸಂಖ್ಯೆಯನ್ನು ಬೆಳೆಸುವ ಕೆಲಸ. ಪುಸ್ತಕದ ಕನ್ನಡ ಯಾರ ಮನೆಯ ಕನ್ನಡವೂ ಅಲ್ಲ. 'ಆದ್ದರಿಂದ', 'ಆದಾಗ್ಯೂ' ಎಂದು ಯಾವ ತಾಯಿಯೂ ಮಗುವಿನೊಂದಿಗೆ ಮಾತನಾಡುವುದಿಲ್ಲ. ಆ ಪದಗಳು ಮೊದಲು ಕಿವಿಗೆ ಬಿದ್ದಿದ್ದರೆ ಕಣ್ಣಿಗೆ ಬಿದ್ದಾಗ ಪರಿಚಿತವೆನಿಸುತ್ತವೆ. ಚೆನ್ನಾಗಿ ಓದುವ ಮಗು ಹೆಚ್ಚು ಓದುತ್ತದೆ, ಹೆಚ್ಚು ಓದಿದ್ದರಿಂದ ಹೆಚ್ಚು ಪದ ಕಲಿಯುತ್ತದೆ, ಇನ್ನೂ ಚೆನ್ನಾಗಿ ಓದುತ್ತದೆ. ತಡವರಿಸುವ ಮಗು ಪುಸ್ತಕದಿಂದ ದೂರ ಸರಿಯುತ್ತದೆ. ಕೀತ್ ಸ್ಟಾನೊವಿಚ್ 1986ರಲ್ಲಿ ವಿವರಿಸಿದ ಈ ಅಂತರ ವರ್ಷ ವರ್ಷಕ್ಕೂ ಅಗಲವಾಗುವಂಥದ್ದು.

ಕೆಲವು ಮಕ್ಕಳಿಗೆ ಒಳ್ಳೆಯ ಪಾಠ, ಬುದ್ಧಿ, ಶ್ರಮ ಎಲ್ಲ ಇದ್ದೂ ಪದ ಬಿಡಿಸುವುದೇ ಹರಸಾಹಸವಾಗುತ್ತದೆ. ಇದಕ್ಕೆ ಡಿಸ್ಲೆಕ್ಸಿಯಾ ಎನ್ನುತ್ತಾರೆ. ಬ್ರಿಟಿಷ್ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲೇ ಅಂಥ 14 ವರ್ಷದ ಹುಡುಗನ ಬಗ್ಗೆ ಬರೆದಿದ್ದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೆ ಅವನೇ ಜಾಣ ಎಂದು ಅವನ ಶಿಕ್ಷಕರು ಹೇಳಿದ್ದರಂತೆ. ಇದು ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯಲ್ಲ, ಸೋಮಾರಿತನವಂತೂ ಅಲ್ಲ. ಹೆಚ್ಚಿನವರಲ್ಲಿ ಮಾತಿನ ಸದ್ದುಗಳನ್ನು ಬಿಡಿಸಿ ಹಿಡಿಯುವಲ್ಲಿ ತೊಡಕಿರುತ್ತದೆ, ಮನೆತನದಲ್ಲಿ ಸಾಗಿಬರುವುದೂ ಉಂಟು. ಪ್ರಾಸ ಹಿಡಿಯಲು, ಚಪ್ಪಾಳೆ ತಟ್ಟಿ ಪದ ಒಡೆಯಲು ಬಹುಕಾಲ ಕಷ್ಟಪಡುವ ಮಗುವನ್ನು 'ದೊಡ್ಡವನಾದ ಮೇಲೆ ಸರಿಹೋಗುತ್ತದೆ' ಎಂದು ಬಿಡದೆ ತಜ್ಞರಿಗೆ ಬೇಗ ತೋರಿಸುವುದು ಒಳ್ಳೆಯದು. ಬೇಗ ಸಿಕ್ಕ ನೆರವು ಹೆಚ್ಚು ಫಲ ಕೊಡುತ್ತದೆ.

ಬರೆಯುವ ಕೈ

ಓದು ಗುರುತಿಸುವ ಕೆಲಸವಾದರೆ ಬರಹ ನೆನಪಿನಿಂದ ತೆಗೆದು ಕೊಡುವ ಕೆಲಸ, ಹೆಚ್ಚು ಕಷ್ಟದ್ದು. ಪರಿಚಿತರ ಮುಖ ಕಂಡರೆ ಥಟ್ಟನೆ ಗುರುತು ಹಿಡಿಯುತ್ತೇವೆ, ಅದೇ ಮುಖವನ್ನು ಚಿತ್ರಿಸಿ ಎಂದರೆ ಕೈ ನಿಲ್ಲುತ್ತದೆ. ಓದಲು ಬರುವ ಪದಗಳನ್ನೆಲ್ಲ ಮಗು ಬರೆಯಲೂ ಬಲ್ಲದು ಎಂದು ನಿರೀಕ್ಷಿಸುವುದು ತಪ್ಪು.

ಆದರೆ ಬರೆಯುವುದು ಓದಿಗೆ ನೆರವಾಗುತ್ತದೆ. ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ 2012ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ, ಓದು ಬಾರದ ಐದು ವರ್ಷದ ಮಕ್ಕಳು ಅಕ್ಷರಗಳನ್ನು ಮೂರು ಬಗೆಯಲ್ಲಿ ಕಲಿತರು: ತಾವೇ ಬರೆದು, ಚುಕ್ಕಿಗಳ ಮೇಲೆ ತಿದ್ದಿ, ಕೀಲಿಮಣೆ ಒತ್ತಿ. ನಂತರ ಅಕ್ಷರ ತೋರಿಸಿದಾಗ ಓದಿಗೆ ಸಂಬಂಧಿಸಿದ ಮಿದುಳಿನ ಜಾಲ ಚುರುಕಾದದ್ದು ತಾವೇ ಬರೆದು ಕಲಿತ ಅಕ್ಷರಗಳಿಗೆ. ಮಗು ಸೊಟ್ಟಗೆ ಬರೆಯುವಾಗ ಅದೇ ಅಕ್ಷರದ ಹತ್ತು ಅವತಾರಗಳನ್ನು ನೋಡುತ್ತದೆ, ಯಾವುದು ಬದಲಾದರೂ ಅದು ಅದೇ ಅಕ್ಷರ ಎಂದು ತಿಳಿಯುತ್ತದೆ ಎಂಬುದು ಒಂದು ವಿವರಣೆ. ತಿದ್ದಿಸುವುದು ಕೈ ಪಳಗಲು ಬೇಕು, ಅಲ್ಲಿಗೇ ನಿಂತುಬಿಟ್ಟರೆ ಸಾಲದು.

ಇನ್ನು ಕಾಗುಣಿತದ ತಪ್ಪುಗಳು. ಆನೆ ಇರುವೆಯ ಅದೇ ಹುಡುಗಿ ಕೆಲವು ತಿಂಗಳ ನಂತರ ಬರೆದ ಉಕ್ತಲೇಖನದ ಹಾಳೆ ನನ್ನ ಬಳಿ ಇದೆ. ಹತ್ತು ಪದ ಹೇಳಿದ್ದೆ. ಮನೆ, ಮರ, ಆಟ, ನದಿ ಸರಿ. ಉಳಿದ ಆರು ತಪ್ಪು: ಹಕಿ, ಬೆಕು, ಮಗ, ಸಾಲೆ, ಸೂರಯ, ಹುವು. ಕೆಂಪು ಶಾಯಿಯಲ್ಲಿ ಹತ್ತಕ್ಕೆ ನಾಲ್ಕು ಎಂದು ಹಾಕಿದ್ದೆ.

ಆ ಹಾಳೆಯನ್ನು ಈಗ ಬೇರೆ ರೀತಿ ಓದುತ್ತೇನೆ. 'ಹಕಿ', 'ಬೆಕು' ಎರಡು ತಪ್ಪಲ್ಲ, ಒಂದೇ. 'ಹಕ್ಕಿ' ಎನ್ನುವಾಗ ನಾಲಿಗೆ ನಡುವೆ ಒಂದು ಕ್ಷಣ ತಡೆದು ನಿಲ್ಲುತ್ತದೆ. ಆ ತಡೆಯನ್ನು ಹಾಳೆಯ ಮೇಲೆ ತೋರಿಸುವುದು ಹೇಗೆಂದು ಅವಳಿಗಿನ್ನೂ ತಿಳಿದಿಲ್ಲ. 'ಹೂವು' ಅನ್ನು 'ಹುವು' ಮಾಡಿದವಳಿಗೆ ದೀರ್ಘದ ಗುರುತು ಪಕ್ಕಾ ಆಗಿಲ್ಲ. 'ಶಾಲೆ'ಗೆ 'ಸಾಲೆ' ಎಂದು ಬರೆದಾಗ ಅವಳ ಕಿವಿ ತಪ್ಪಿಲ್ಲ, ಮನೆಯಲ್ಲಿ ಹೇಗೆ ಕೇಳಿದ್ದಾಳೋ ಹಾಗೆಯೇ ಬರೆದಿದ್ದಾಳೆ. 'ಸೂರಯ' ನನಗೆ ಈಗ ಎಲ್ಲಕ್ಕಿಂತ ಇಷ್ಟ. ಸ, ರ, ಯ ಮೂರೂ ಇವೆ, ಸರದಿಯೂ ಸರಿಯಾಗಿದೆ, 'ಸೂ' ದೀರ್ಘವೂ ಬಂದಿದೆ. 'ರ'ದೊಳಗಿನ 'ಅ' ತೆಗೆಯಬೇಕು ಎಂಬುದೊಂದೇ ಬಾಕಿ.

'ಮಂಗ'ದ ಸೊನ್ನೆ ಬಿಟ್ಟದ್ದಕ್ಕೂ ಕಾರಣವಿದೆ. ಅಲ್ಲಿನ ಮೂಗಿನ ಸದ್ದು ಮುಂದಿನ 'ಗ'ದಲ್ಲಿ ಕರಗಿಹೋಗುತ್ತದೆ, ಬೇರೆ ಸದ್ದಾಗಿ ಕೇಳಿಸುವುದೇ ಇಲ್ಲ. ಶಾಲೆಗೆ ಹೋಗುವ ಮೊದಲೇ ತಾವಾಗಿ ಬರೆಯತೊಡಗಿದ ಇಂಗ್ಲಿಷ್ ಮಕ್ಕಳ ಬರಹವನ್ನು ಚಾರ್ಲ್ಸ್ ರೀಡ್ 1971ರಲ್ಲಿ ಪರಿಶೀಲಿಸಿದಾಗ, ಅವರೂ ವ್ಯಂಜನದ ಹಿಂದಿನ ಅನುನಾಸಿಕವನ್ನು ಹೀಗೆಯೇ ಬಿಟ್ಟಿದ್ದರು. ಭಾಷೆ ಬೇರೆ, ಲಿಪಿ ಬೇರೆ, ತಪ್ಪು ಒಂದೇ.

ಮರುದಿನ ಹಾಳೆ ತೋರಿಸುವಾಗ ಅಂಕದ ಮಾತೆತ್ತದೆ, ಆ ಪದವನ್ನು ಗಟ್ಟಿಯಾಗಿ ಓದು ಎಂದೆ. ಬೆರಳಿಟ್ಟು "ಮ... ಗ" ಎಂದಳು. ತಡೆದಳು. ಪಕ್ಕದಲ್ಲಿ ತಾನೇ ಬರೆದಿದ್ದ ಬಾಲದ ಚಿತ್ರ ನೋಡಿದಳು. "ಅಯ್ಯೋ ಮಿಸ್, ಇದು ಮಗ ಆಗಿಬಿಟ್ಟಿದೆ!" ಎಂದು ನಕ್ಕು, ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ನಡುವೆ ಒಂದು ಸೊನ್ನೆ ಬರೆದಳು. ಸೊನ್ನೆ ಅಕ್ಕಪಕ್ಕದ ಎರಡೂ ಅಕ್ಷರಗಳಿಗಿಂತ ದೊಡ್ಡದಾಗಿತ್ತು.